ಉದ್ದವಾಗುತ್ತ ಹೋದ ಅಜ್ಜ

ಸುಮಿತ್ರಾಬಾಯಿ ಸುಳ್ಳು ಹೇಳಿದ್ದು ಅದೇ ಮೊದಲೇನಲ್ಲ. ಸೊಲ್ಲಾಪುರದ ಅರಿವೆ ವ್ಯಾಪಾರಿಯ ಹೆಂಡತಿಯಾಗಿ ಇಪ್ಪತ್ತೆಂಟು ವರ್ಷ ಬಾಳಿದವಳಿಗೆ, ಬೇಡದ ನೆಂಟರೆದುರು ಯಜಮಾನರು ಊರಲ್ಲಿಲ್ಲ ಎನ್ನುವುದು, ಮಾಸಿದ ಇಳಕಲ್ಲ ಸೀರೆಯನ್ನು ಹೊಸ ಬಣ್ಣ ಎನ್ನುವುದು ನೀರು ಕುಡಿದಷ್ಟು ಸಲೀಸು. ಆದರೆ ಅವೆಲ್ಲ ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಸುಳ್ಳುಗಳು. ಎದೆಮಟ್ಟ ಎತ್ತರದ, ಕಲ್ಲಿನಲ್ಲಿ ಕೆತ್ತಿದ ಸುಳ್ಳನ್ನು ಅವಳು ಹೇಳಿದ್ದು ಒಂದೇ ಸಲ. ಬೋರಾಮಣಿಯಲ್ಲಿ, ಬ್ರಿಟಿಷರು ಸೊಲ್ಲಾಪುರದಲ್ಲಿ ಹೇರಿದ್ದ ಮಾರ್ಷಲ್ ಲಾ ಮುಗಿದು ಮೂರು ವರ್ಷವಾಗಿದ್ದ ಮಾಘದ ಒಂದು ಮಧ್ಯಾಹ್ನ.

ಹೋದದ್ದು ಹೆಣ್ಣು ನೋಡಲು. ಬೋರಾಮಣಿಯ ಬಂಡೆಪ್ಪನಿಗೆ ಎಂಬತ್ತು ಎಕರೆ ಎರೆಭೂಮಿ, ಒಂದು ಜೊತೆ ಮೀಸೆ, ನೀಲಾಬಾಯಿ ಎಂಬ ಒಬ್ಬಳೇ ಮಗಳು. ಸುಮಿತ್ರಾಬಾಯಿಯ ಮಗ ಶಾಂತಲಿಂಗಪ್ಪ ಹುಡುಗಿಯನ್ನು ನೋಡುತ್ತ ನೋಡುತ್ತ ಬಶಿಯ ಚಹಾವನ್ನು ತೊಡೆಯ ಮೇಲೆ ಚೆಲ್ಲಿಕೊಂಡು ತನ್ನ ಒಪ್ಪಿಗೆ ತಿಳಿಸಿಯಾಗಿತ್ತು. ಗಂಡಸರು ಮಳೆ, ಹತ್ತಿ ಎಂದು ಮಾತಿಗೆ ಕೂತಾಗ, ಹುಡುಗಿಯ ಅಜ್ಜಿ ಹಣಮವ್ವ ಸುಮಿತ್ರಾಬಾಯಿಯ ಕೈ ಹಿಡಿದು, "ಬರ್ರಿ, ನಮ್ಮ ಹಿರ್ಯಾರನ್ನ ಭೆಟ್ಟಿ ಮಾಡಸ್ತೀನಿ" ಎಂದು ಹೊಲಕ್ಕೆ ಕರೆದುಕೊಂಡು ಹೋದಳು.

ಹಿರಿಯರು ಬದುವಿನ ಬೇವಿನ ಗಿಡದ ಕೆಳಗೆ ಸಾಲಾಗಿ ಇದ್ದರು. ಮೂರು ಗದ್ದುಗೆಗಳು, ಮೊಳಕಾಲೆತ್ತರ, ಚೌಕಾಕಾರ. ಲಿಂಗವಂತರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತಾರೆ. ಕೂತವರಿಗೆ ಬೇಕಾದ ಜಾಗ ಚೌಕ.

"ಇವ್ರು ನಮ್ಮ ಮಾವಾರು. ಇವ್ರು ಮಾವಾರ ಅಪ್ಪ. ಇವ್ರು ನಮ್ಮನಿಯವ್ರು," ಎಂದು ಹಣಮವ್ವ ಒಬ್ಬೊಬ್ಬರನ್ನೇ ತೋರಿಸಿ, ನಾಲ್ಕನೆಯ ಖಾಲಿ ನೆಲದ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕೂತು ಶೇಂಗಾ ಸುಲಿಯತೊಡಗಿದಳು. "ಇದು ನಂದು. ಅಳತಿ ನೋಡೀನಿ, ಬರೋಬ್ಬರಿ ಆಗ್ತದ."

"ಆಯಿ ರಿಜರ್ವ್ ತಿಕೀಟ ತಗಸ್ಯಾಳ್ರಿ," ಎಂದಳು ಹಿಂದೆ ನಿಂತಿದ್ದ ನೀಲಾಬಾಯಿ. "ಗಾಡೀನೇ ಬರವಲ್ದು!"

ಹೇಳಿ ನಕ್ಕಳು. ಬಾಯಿಗೆ ಸೆರಗಿಲ್ಲ, ಕೈಯಿಲ್ಲ. ಹಿತ್ತಾಳೆ ಕೊಡ ಮೆಟ್ಟಿಲ ಮೇಲೆ ಉರುಳಿದಂಥ ನಗು. ಹಣಮವ್ವ ಮೊಮ್ಮಗಳಿಗೆ ಶೇಂಗಾದ ಸಿಪ್ಪೆ ಎಸೆದು ತಾನೂ ನಕ್ಕಳು. ಸುಮಿತ್ರಾಬಾಯಿ ಅಲ್ಲೇ ಸೋತಳು. ಅವಳ ಮನೆಯಲ್ಲಿ ಗಂಡ ಶಂಕರೆಪ್ಪ ಬಟ್ಟೆಯ ಗಜ, ವಾರ, ಥಾನಿನ ಹೊರತು ಬೇರೆ ಮಾತಾಡಿದವನಲ್ಲ. ಅತ್ತೆ ಕಲ್ಯಾಣಮ್ಮ ಎಪ್ಪತ್ತಾರರ ಮುದುಕಿ, ಜಪಮಾಲೆಯ ಜೊತೆ ಮಾತ್ರ ಮಾತು. ಮಗ ಅಪ್ಪನ ಪಡಿಯಚ್ಚು. ಮುಂಜಾನೆ ಮಿಲ್ಲಿನ ಭೋಂಗಾ ಕೂಗಿದರೆ ಆ ಮನೆಯಲ್ಲಿ ಅದೇ ಗದ್ದಲ, ಅದೇ ಸಂಭ್ರಮ. ಈ ಹುಡುಗಿ ನನ್ನ ಅಡುಗೆಮನೆಯಲ್ಲಿ ಹೀಗೊಮ್ಮೆ ನಗಬೇಕು ಎಂದು ಸುಮಿತ್ರಾಬಾಯಿಗೆ ಎಷ್ಟು ಆಸೆಯಾಯಿತೆಂದರೆ ತಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು.

ಆ ಗಳಿಗೆಯಲ್ಲೇ ಹಣಮವ್ವ ಕೇಳಿದಳು. "ನಿಮ್ಮ ಹಿರ್ಯಾರ ಗದ್ದಿಗಿ ಎಲ್ಲದರಿ?"

"ನಮ್ಮ ಮನಿ ಹಿಂದs ಅದರಿ!" ಎಂದಳು ಸುಮಿತ್ರಾಬಾಯಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಆದರೆ ಬಾಯಿ ಒಮ್ಮೆ ತೆರೆದರೆ ಅದು ಅವಳ ಕೈಯಲ್ಲಿ ಇರುತ್ತಿರಲಿಲ್ಲ. "ನಮ್ಮವರ ಅಜ್ಜಂದು. ನಮ್ಮ ಹುಡುಗ ಅವರ ಹೆಸರೇ ಇಟ್ಟಗೊಂಡಾನ. ಎದಿಮಟ ಎತ್ತರ, ಅಗದಿ ಕೆತ್ತನಿ ಕೆಲಸದ್ದು. ಸೋಮವಾರಕ್ಕೊಮ್ಮೆ ದೀಪಾ ಹಚ್ಚತೀವ್ರಿ."

ಹಣಮವ್ವನ ಮುಖ ಅರಳಿತು. "ಚಲೋ ಆತು ನೋಡ್ರಿ. ನಮ್ಮಲ್ಲಿ ಒಂದು ಪದ್ಧತಿ ಅದ. ಹೆಣ್ಣ ಕೊಡೂ ಮನಿ ಹಿರ್ಯಾರ ಗದ್ದಿಗಿಗಿ ಕಾಯಿ ಒಡದ ಮ್ಯಾಲs ಸಾಖರಪುಡಾ, ನಿಶ್ಚಯದ ಸಕ್ಕರಿ. ಬರೂ ಸೋಮವಾರ ನಾವೇ ಬರ್ತೀವಿ. ಹಿರ್ಯಾರ ಎಲ್ಲಿ ಕುಂತಾರ ಅಂತ ಗೊತ್ತಿಲ್ಲದವರಿಗೆ ನಾವು ಹೆಣ್ಣ ಕೊಡೂದಿಲ್ರಿ. ಸತ್ತವರನ್ನ ಮರತ ಮಂದಿ, ಬಂದ ಸೊಸೀನ್ನ ನೆನಪ ಇಟ್ಟಗೋತಾರೇನು?"

ಮರಳುವ ಸರ್ವಿಸ್ ಮೋಟಾರಿನಲ್ಲಿ ಸುಮಿತ್ರಾಬಾಯಿ ಗಂಡನ ಕಿವಿಯಲ್ಲಿ ಎಲ್ಲ ಒಪ್ಪಿಸಿದಳು. ಶಂಕರೆಪ್ಪ ಹಣೆ ಬಡಿದುಕೊಂಡ ಸದ್ದಿಗೆ ಮುಂದಿನ ಸೀಟಿನ ಕುರಿ ಬೆಚ್ಚಿಬಿತ್ತು.

"ಎಲ್ಲದ ಅಂತ ನನಗs ಗೊತ್ತಿಲ್ಲಲೇ! ನಾ ಹುಟ್ಟೂಕಿಂತ ಮೊದಲs ಸತ್ತಾರ ಅವ್ರು!"

"ಇಷ್ಟ ವರ್ಷ ಯಾಕ ಹುಡಕಲಿಲ್ಲ?"

"ನೀ ಯಾಕ ಕೇಳಲಿಲ್ಲ?"

ಸೊಲ್ಲಾಪುರ ಬರುವವರೆಗೆ ಇಬ್ಬರೂ ಕುರಿಯನ್ನೇ ನೋಡುತ್ತ ಕೂತರು.

ಹಾಗೆ ನೋಡಿದರೆ ರುದ್ರಭೂಮಿ ಅವರ ಮನೆಯಿಂದ ಎರಡೇ ಓಣಿ ಆಚೆ. ಸುಮಿತ್ರಾಬಾಯಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ಎದುರಿಗೆ ಕಾಣುವ ಹಸಿರು ಅದೇ. ಪ್ಲೇಗಿನ ವರ್ಷ ಮುನಸಿಪಾಲಟಿಯವರು ಊರಾಚೆ ಬೇರೆ ಜಾಗ ಕೊಟ್ಟು ಇದಕ್ಕೆ ಬೀಗ ಹಾಕಿದ್ದರು. ಬೀಗ ತುಕ್ಕು ಹಿಡಿದು ಉದುರಿತು, ಆಮೇಲೆ ಬಾಗಿಲೂ ಉದುರಿತು, ಆದರೂ ಯಾರೂ ಒಳಗೆ ಹೋಗಲಿಲ್ಲ. ಅದರ ಮಗ್ಗುಲಿಗೇ ಇಂಗ್ಲಿಷ್ ಕ್ಯಾಂಪಿನ ಸಿಪಾಯಿಗಳ ಹಳೆಯ ಗೋರಿಗಳಿದ್ದವಂತೆ. ನಡುವಿನ ಗೋಡೆ ಯಾವುದೋ ಮಳೆಗಾಲದಲ್ಲಿ ಬಿದ್ದು, ಎರಡರ ಮೇಲೂ ಪಾಪಾಸುಕಳ್ಳಿ ಒಂದೇ ಕಂಬಳಿ ಹೊದಿಸಿತ್ತು. ಇಪ್ಪತ್ತೆಂಟು ವರ್ಷ ಅದನ್ನೇ ನೋಡುತ್ತ ಹಪ್ಪಳ ತಿರುವಿದ ಸುಮಿತ್ರಾಬಾಯಿಗೆ, ಅದರೊಳಗೆ ತನ್ನ ಮನೆಯವರು ಯಾರೋ ಕೂತಿದ್ದಾರೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಇದನ್ನು ನೆನೆದು ಅವಳಿಗೆ ನಾಚಿಕೆಯಾಯಿತು. ನಾಚಿಕೆಗೆ ಸಮಯವಿರಲಿಲ್ಲ; ಸೋಮವಾರಕ್ಕೆ ನಾಲ್ಕೇ ದಿನ.

ಗುರುವಾರ ಮಧ್ಯಾಹ್ನ ಅವಳು ಮಗನನ್ನೂ ಅತ್ತೆಯನ್ನೂ ಕರೆದುಕೊಂಡು ಹೊರಟಳು. ಅಜ್ಜನ ಗದ್ದುಗೆಯನ್ನು ಕಣ್ಣಾರೆ ಕಂಡು ಬದುಕಿದ್ದವಳು ಕಲ್ಯಾಣಮ್ಮ ಒಬ್ಬಳೇ. ಒಂಬತ್ತು ವರ್ಷದವಳಿದ್ದಾಗ ಅಕ್ಕಲಕೋಟದಿಂದ ಈ ಮನೆಗೆ ಸೊಸೆಯಾಗಿ ಬಂದಿದ್ದಳು, ಎರಡು ವರ್ಷದಲ್ಲಿ ಮಾವ ತೀರಿಕೊಂಡಿದ್ದ. ಎಲ್ಲಿ ಎಂದು ಕೇಳಿದರೆ, "ಬೇವಿನ ಗಿಡದ ಬುಡಕ" ಎಂದಷ್ಟೇ ಹೇಳಿ ಜಪಮಾಲೆ ತಿರುಗಿಸಿದಳು.

ಬಾಗಿಲಿದ್ದ ಜಾಗ ಕಳ್ಳಿಯಿಂದ ಮುಚ್ಚಿತ್ತು, ಅರ್ಧ ಬಿದ್ದ ಹೊರಗೋಡೆಯನ್ನು ದಾಟಬೇಕಿತ್ತು. ಮಗ ಅಜ್ಜಿಯನ್ನು ಎತ್ತಿಕೊಂಡು ದಾಟಿದ. ಸುಮಿತ್ರಾಬಾಯಿ ಸುತ್ತ ನೋಡಿದಳು, ಯಾರೂ ಇಲ್ಲ. ಕಚ್ಚೆ ಬಿಗಿದು, ಸೆರಗು ಸಿಗಿಸಿ, ಟಣ್ಣನೆ ಹಾರಿದಳು. ನಲವತ್ತಾರು ವರ್ಷದ ಮೈ ಆಚೆ ಬದಿಗೆ ಇಳಿದಾಗ ಹದಿನಾರರ ಹಾಗೆ ಹಗುರವಾಗಿತ್ತು. ಹಾರಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಸುಮ್ಮನೆ ಮರಳಿ ಈಚೆ ಬಂದು ಇನ್ನೊಮ್ಮೆ ಹಾರಿದಳು.

"ಅವ್ವಾ, ಏನ ಮಾಡಾಕತ್ತಿ?" ಎಂದ ಶಾಂತಲಿಂಗಪ್ಪ, ಗಾಬರಿಯಾಗಿ.

"ಸುಮ್ಮನಿರು. ಯಾರಿಗರೆ ಹೇಳಿದ್ಯೋ, ನಿನ್ನ ಲಗ್ನಾ ಕ್ಯಾನ್ಸಲ್."

ಒಳಗೆ ಒಂದು ಊರೇ ಇತ್ತು. ಕೆತ್ತಿದ ನಂದಿಗಳು ಅರ್ಧ ಮಣ್ಣಲ್ಲಿ ಹೂತು ಮೂಗು ಮಾತ್ರ ಹೊರಗೆ ಹಾಕಿದ್ದವು. ಒಂದು ಗದ್ದುಗೆಯ ಮೇಲೆ ಎರಡು ಪಾದ, ಇನ್ನೊಂದರ ಮೇಲೆ ತಕ್ಕಡಿ, ಮತ್ತೊಂದನ್ನು ಸೀಳಿಕೊಂಡು ಬಂದ ಅತ್ತಿಮರದ ತುಂಬ ಗಿಳಿಗಳು. ಯಾರದೋ ಆಡು ಯಾರದೋ ಮುತ್ತಜ್ಜನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು. ಸುಮಿತ್ರಾಬಾಯಿ ಪ್ರತಿಯೊಂದಕ್ಕೂ ಕೈಮುಗಿದು, "ನೀವಲ್ಲರಿ? ಮಾಫ ಮಾಡ್ರಿ" ಎಂದು ಮುಂದೆ ಹೋದಳು. ಕಳ್ಳಿಯ ಕೆಂಪು ಹಣ್ಣು ಕಂಡಾಗ ತಡೆಯಲಾರದೆ ಮುಳ್ಳು ಒರೆಸಿ ತಿಂದಳು. ಬಾಯೆಲ್ಲ ಕೆಂಪಾಯಿತು. ಸುಳ್ಳು, ಸೋಮವಾರ, ಬಂಡೆಪ್ಪನ ಮೀಸೆ ಎಲ್ಲ ಮರೆತೇ ಹೋಯಿತು. ಇಷ್ಟು ಖುಷಿಯಾಗಿ ತಾನು ಕೊನೆಯ ಬಾರಿ ಇದ್ದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟಳು.

ಬೇವಿನ ಗಿಡಗಳು ಮಾತ್ರ ಹನ್ನೊಂದು ಇದ್ದವು. ಕಲ್ಯಾಣಮ್ಮ ಒಂದೊಂದರ ಬುಡದಲ್ಲೂ ಗದ್ದುಗೆ ಹುಡುಕಿ, ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿ, ತಲೆಯಾಡಿಸಿ, "ಅಲ್ಲ" ಎನ್ನುತ್ತಿದ್ದಳು. ಹನ್ನೊಂದೂ ಆಯಿತು. ಹನ್ನೊಂದೂ ಅಲ್ಲ. ಮುದುಕಿಗೆ ಅರಳು ಮರಳಾಗಿದೆ ಎಂದುಕೊಂಡಳು ಸುಮಿತ್ರಾಬಾಯಿ. ಉಳಿದದ್ದೆಲ್ಲ ಕಳ್ಳಿಯ ಒಳಗಿತ್ತು. ಅದನ್ನು ಕಡಿಸಲು ತಿಂಗಳೇ ಬೇಕು.

ಆಗ ಶಾಂತಲಿಂಗಪ್ಪ ಮೂಲೆಯಿಂದ ಕೂಗಿದ. ಕಳ್ಳಿಯ ಪೊದೆಯಿಂದ ಒಂದು ಕಲ್ಲಿನ ತುದಿ ಹೊರಗೆ ಬಂದಿತ್ತು. ನುಣ್ಣಗೆ ಉಜ್ಜಿದ ಕಲ್ಲು, ಅಂಚಿಗೆ ಬಳ್ಳಿ, ಎದೆಮಟ್ಟ ಎತ್ತರ. ಮುಂದಿನಿಂದ ನೋಡಿದರೆ ಸರಿಯಾದ ಚೌಕ.

"ಇದs!" ಎಂದಳು ಸುಮಿತ್ರಾಬಾಯಿ, ಬೋರಾಮಣಿಯಲ್ಲಿ ತಾನು ಕಟ್ಟಿದ್ದ ಗದ್ದುಗೆ ಎದ್ದು ಬಂದು ಎದುರಿಗೆ ನಿಂತದ್ದನ್ನು ನೋಡಿ. ಕಲ್ಯಾಣಮ್ಮ ಅಂಗೈ ಇಟ್ಟು ಸವರಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ರವಿವಾರ ಇಡೀ ಮನೆ ಕೆಲಸಕ್ಕೆ ಬಿತ್ತು. ದೀಪಾವಳಿಗೆ ತಂದು ಉಳಿದಿದ್ದ ಸುಣ್ಣವನ್ನು ಶಂಕರೆಪ್ಪನೇ ಬಳಿದ, ಬಳಿಯುವಷ್ಟು ಹೊತ್ತೂ ಶಿವಶಿವಾ ಎಂದ. ವಿಭೂತಿಯ ಮೂರು ಗೆರೆ, ಬಿಲ್ವದ ಮಾಲೆ, ಸೋಮವಾರಕ್ಕೊಮ್ಮೆ ಹಚ್ಚಿದಂತೆ ಕಾಣಲೆಂದು ಹಳೆಯ ಎಣ್ಣೆಯ ಜಿಡ್ಡು ಸವರಿದ ಹಣತೆ. ಹಿಂದಿನ ಕಳ್ಳಿಯನ್ನು ಹಾಗೇ ಬಿಟ್ಟರು. ಎಲ್ಲರೂ ಹೋದ ಮೇಲೆ ಸುಮಿತ್ರಾಬಾಯಿ ಕಲ್ಲಿಗೆ ಹಣೆ ಹಚ್ಚಿ, "ನೀವು ಯಾರ ಇದ್ದೀರೋ ಏನೋ. ನಾಳೆ ಒಂದು ದಿನ ನಮ್ಮ ಅಜ್ಜ ಆಗಿ ಸುಮ್ಮನ ಕುಂದರ್ರಿ. ಆ ಹುಡಿಗಿ ನನಗ ಬೇಕರಿ" ಎಂದು ಬೇಡಿಕೊಂಡಳು.

ಸೋಮವಾರ ಬೆಳಕು ಹರಿಯುವ ಮೊದಲೇ ಬೋರಾಮಣಿ ಬಿಟ್ಟ ಸವಾರಿ ಗಾಡಿ ಮಧ್ಯಾಹ್ನಕ್ಕೆ ಬಂತು. ಬಂಡೆಪ್ಪ, ಮಡಿಲಲ್ಲಿ ತೆಂಗಿನಕಾಯಿ ಹಿಡಿದ ಹಣಮವ್ವ, ಮತ್ತು ಹಟ ಹಿಡಿದು ಗಾಡಿ ಹತ್ತಿದ ನೀಲಾಬಾಯಿ. ಸುಣ್ಣದ ಗದ್ದುಗೆ ಬಿಸಿಲಿಗೆ ಹಾಲಿನಂತೆ ಹೊಳೆಯುತ್ತಿತ್ತು.

"ಅಗದಿ ಚಲೋ ಇಟ್ಟೀರಿ," ಎಂದಳು ಹಣಮವ್ವ. ಕಾಯಿ ಎತ್ತಿದಳು.

"ತಡಿಯವ್ವಾ," ಎಂದ ಬಂಡೆಪ್ಪ. ಬಂದಾಗಿನಿಂದ ಅವನು ಆಡಿದ ಮೊದಲ ಮಾತು ಅದು. "ಇದೇನ್ರಿ ಶಂಕರೆಪ್ಪನವರ, ಹಿರ್ಯಾರ ಬೆನ್ನಿಗಿ ಕಳ್ಳಿ?"

"ನೆರಳಿಗಿ ಬಿಟ್ಟೀವ್ರಿ," ಎಂದ ಶಂಕರೆಪ್ಪ.

"ಕಳ್ಳೀದು ಎಂಥಾ ನೆರಳ್ರಿ?"

ಇಲ್ಲಿ ಒಂದು ಮಾತು ಹೇಳಬೇಕು. ವ್ಯಾಪಾರಿಗೆ ಕಳೆ ಕಂಡರೆ ಕಣ್ಣು ಆಚೆ ತಿರುಗುತ್ತದೆ. ಒಕ್ಕಲಿಗನಿಗೆ ಕಳೆ ಕಂಡರೆ ಕೈ ತುರಿಸುತ್ತದೆ. ಈ ಲೆಕ್ಕವನ್ನು ಸುಮಿತ್ರಾಬಾಯಿ ಹಾಕಿರಲಿಲ್ಲ. ಬಂಡೆಪ್ಪ ಗಾಡಿಯ ಕೆಳಗಿಂದ ಕೊಡಲಿಯನ್ನೂ ಕವೆಗೋಲನ್ನೂ ತಂದೇಬಿಟ್ಟ. "ಚಹಾ ಆರತದರಿ," ಎಂದಳು ಸುಮಿತ್ರಾಬಾಯಿ. "ಹಾವ ಇರ್ತಾವರಿ," ಎಂದ ಶಾಂತಲಿಂಗಪ್ಪ. "ರಾಹುಕಾಲರಿ!" ಎಂದ ಶಂಕರೆಪ್ಪ. ಬಂಡೆಪ್ಪ ಕವೆಗೋಲಿನಿಂದ ಕಳ್ಳಿಯ ಕುತ್ತಿಗೆ ಒತ್ತಿ, ಕೊಡಲಿ ಬೀಸಿದ.

ಮೊದಲ ಹೊರೆ ಬಿತ್ತು. ಹಿಂದೆ ಕಲ್ಲು ಇನ್ನೊಂದು ಗೇಣು ಇತ್ತು. ಸುಣ್ಣ ಇರಲಿಲ್ಲ.

"ಸುಣ್ಣ ಸಾಲಲಿಲ್ಲರಿ," ಎಂದ ಶಂಕರೆಪ್ಪ.

ಎರಡನೆಯ ಹೊರೆ ಬಿತ್ತು. ಕಲ್ಲು ಒಂದು ಮೊಳ ಮುಂದುವರಿಯಿತು. ಮೂರನೆಯದು ಬಿತ್ತು, ನಾಲ್ಕನೆಯದು ಬಿತ್ತು. ಅಜ್ಜ ಮುಗಿಯಲೊಲ್ಲ. ಎರಡು ಮೊಳವಾದ, ಮೂರು ಮೊಳವಾದ. ಬಂಡೆಪ್ಪನ ಕೊಡಲಿ ಜೋರಾದಷ್ಟೂ ಅಜ್ಜ ಉದ್ದವಾಗುತ್ತ ಹೋದ. ಸುಮಿತ್ರಾಬಾಯಿ ನೋಡುತ್ತಿದ್ದಂತೆ ಅವನು ನಾಲ್ಕು ಮೊಳ ದಾಟಿ, ಕಾಲು ಚಾಚಿ, ಆರಾಮಾಗಿ ಮಲಗಿಬಿಟ್ಟ.

ಕಲ್ಯಾಣಮ್ಮ ಜಪಮಾಲೆ ನಿಲ್ಲಿಸಿ ಚೀರಿದಳು. "ನಮ್ಮ ಮಾವಾರು ಇಷ್ಟ ಉದ್ದ ಇದ್ದಿದ್ದಿಲ್ಲ! ಗಿಡ್ಡ ಇದ್ರು! ಬಾಗಲದ ಚಿಲಕಾ ತಗೀಯಾಕ ಕಟ್ಟಿಗಿ ಹಿಡೀತಿದ್ರು!"

ಎಲ್ಲರೂ ಶಂಕರೆಪ್ಪನ ಕಡೆ ತಿರುಗಿದರು. ಅವನ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಮೂವತ್ತು ವರ್ಷ ಗಿರಾಕಿಗಳಿಗೆ ಉತ್ತರ ಕೊಟ್ಟ ನಾಲಿಗೆ ಸುಮ್ಮನಿರಲಾರದೆ ಹೇಳಿತು: "ನಮ್ಮಜ್ಜಗ ಮೊಳಕಾಲ ಬ್ಯಾನಿ ಇತ್ರಿ... ಕುಂದ್ರಾಕ ಬರ್ತಿದ್ದಿಲ್ಲ. ಅದಕ್ಕ ಮಲಗಸ್ಯಾರ."

ಕೊನೆಯ ಕಳ್ಳಿಯ ಹಿಂದೆ ನಿಂತಿದ್ದ ಕಲ್ಲನ್ನು ಬಂಡೆಪ್ಪ ಕೊಡಲಿಯ ಹಿಡಿಯಿಂದ ತಿಕ್ಕಿದ. ಅಕ್ಷರಗಳು ಕಂಡವು. ಕನ್ನಡವಲ್ಲ, ಮರಾಠಿಯ ಮೋಡಿ ಲಿಪಿಯೂ ಅಲ್ಲ.

"ಇಂಗ್ರಜಿ," ಎಂದಳು ಹಣಮವ್ವ. "ನೀ ಮ್ಯಾಟ್ರಿಕ್ ಕಲ್ತೀದಿ ಅಂದ್ರಲ್ಲೋ ತಮ್ಮಾ, ಓದು."

ಶಾಂತಲಿಂಗಪ್ಪ ತಾಯಿಯನ್ನು ನೋಡಿದ. ಅಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ; ಏನು ಬೇಕಾದರೂ ಓದಬಹುದಿತ್ತು. ಆದರೆ ಅವನು ನೀಲಾಬಾಯಿಯನ್ನೂ ನೋಡಿಬಿಟ್ಟ, ಆಮೇಲೆ ಸುಳ್ಳು ಓದಲು ಅವನಿಂದ ಆಗಲಿಲ್ಲ. "ಥಾಮಸ್. ಪಲ್ಟನ್ನಿನಾಗ ಡೋಲು ಬಾರ್ಸಾಂವ. ವಯಸ್ಸು ಇಪ್ಪತ್ತು. ಜ್ವರ ಬಂದು ಸತ್ತಾನ. ಹದಿನೆಂಟುನೂರಾ ಇಪ್ಪತ್ತಾರು."

"ಇಪ್ಪತ್ತು ವರ್ಷದ ಅಜ್ಜ!" ಎಂದಳು ನೀಲಾಬಾಯಿ. "ಮೊಳಕಾಲ ಬ್ಯಾನಿ ಬ್ಯಾರೆ!"

ಹಿತ್ತಾಳೆ ಕೊಡ ಮೆಟ್ಟಿಲು ಉರುಳಿತು. ಅತ್ತಿಮರದ ಗಿಳಿಗಳೆಲ್ಲ ಎದ್ದವು. ಸುಮಿತ್ರಾಬಾಯಿ ತುಟಿ ಕಚ್ಚಿದಳು, ಸೆರಗು ತುರುಕಿಕೊಂಡಳು, ಆಗಲಿಲ್ಲ. ವಿಭೂತಿ ಬಳಿದುಕೊಂಡು ಮಲಗಿದ್ದ ಥಾಮಸನನ್ನು ನೋಡಿ ಅವಳೂ ಹೊಟ್ಟೆ ಹಿಡಿದು ನಕ್ಕಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನಿಲ್ಲಿಸಲು ಹೋಗಿ, ಮತ್ತೆ ನಕ್ಕರು.

"ನೀಲಾ," ಎಂದ ಬಂಡೆಪ್ಪ. ಅವನ ಮೀಸೆ ಅಲುಗಿರಲಿಲ್ಲ. "ಗಾಡಿ ಹತ್ತು."

ನಗು ಅಲ್ಲೇ ನಿಂತಿತು. ಹುಡುಗಿಯ ಮುಖ ಬಾಡಿತು. ಅಪ್ಪನ ಮಾತು ಮೀರುವವಳಲ್ಲ. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಸುಮಿತ್ರಾಬಾಯಿ ಓಡಿಹೋಗಿ ಬಂಡೆಪ್ಪನಿಗೆ ಅಡ್ಡ ನಿಂತಳು.

"ಸುಳ್ಳ ಹೇಳಿದಾಕಿ ನಾನರಿ. ಇವರದೇನೂ ತಪ್ಪಿಲ್ಲ. ನಮ್ಮ ಹಿರ್ಯಾರ ಎಲ್ಲಿ ಕುಂತಾರ ನಮಗ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಇವರ ಮಾರಿಗಿ ಹಪ್ಪಳ ಒಣಗಿಸೀನಿ, ಒಂದ ದಿನ ಒಳಗ ಬಂದಿಲ್ಲ. ಆದರ ನಿಮ್ಮ ಹುಡಿಗಿ ಹೊಲದಾಗ ನಕ್ಕಳಲ್ಲ, ಅದನ್ನ ಕೇಳಿ ನನಗ ಹುಚ್ಚ ಹಿಡೀತು. ನಮ್ಮ ಮನ್ಯಾಗ ಯಾರೂ ನಗೂದಿಲ್ರಿ. ಅಷ್ಟ ಆಶಾಕ್ಕ ಹೇಳಿಬಿಟ್ಟೆ."

ಉತ್ತರ ಕೊಟ್ಟವಳು ಕಲ್ಯಾಣಮ್ಮ. ಅವಳು ಥಾಮಸನ ತಲೆಯ ಹತ್ತಿರ ಕೂತಿದ್ದಳು.

"ಈಕಿ ತನ್ನ ಗುಟ್ಟ ಹೇಳಿಬಿಟ್ಳು. ನಾನೂ ನಂದು ಹೇಳಿಬಿಡ್ತೀನಿ. ಅರವತ್ತೈದು ವರ್ಷ ಆತು, ಯಾರಿಗೂ ಹೇಳಿಲ್ಲ. ನಮ್ಮ ಮಾವಾರ ಗದ್ದಿಗಿ ಮ್ಯಾಲ ಒಂದು ಗುರ್ತ ಅದ. ನಾನs ಕೊರದೀನಿ."

"ಗದ್ದಿಗಿ ಮ್ಯಾಲ?" ಎಂದ ಶಂಕರೆಪ್ಪ, ಕಂಗಾಲಾಗಿ. "ಅವ್ವಾ!"

"ಸಣ್ಣಾಕಿ ಇದ್ದೆನೋ. ಅಕ್ಕಲಕೋಟ ಬಿಟ್ಟು ಬಂದು ದಿನಾ ಅಳ್ತಿದ್ದೆ. ಮಧ್ಯಾಹ್ನ ಅತ್ತಿ ಮಲಗಿದ ಮ್ಯಾಲ ಮಾವಾರು ಬಾ ಅಂತ ಕರದು, ಅಡಗಿಮನಿ ಹಿಂದ ಕುಂದ್ರಿಸಿಕೊಂಡು ಚೌಕಾಬಾರಾ ಆಡ್ತಿದ್ರು. ಹುಣಸಿ ಬೀಜಾ ಒಡದು ಕವಡಿ ಮಾಡೂದು. ನಾನs ಗೆಲ್ಲಬೇಕು ಅಂತ ಅವ್ರು ಮೋಸಾ ಮಾಡ್ತಿದ್ರು. ಕಿರಿಬೆರಳಲೆ ಬೀಜಾ ತಿರುವಿ ಇಡ್ತಿದ್ರು. ನಾ ನೋಡಿದರೂ ನೋಡದಂಗ ಇರ್ತಿದ್ದೆ. ಅವ್ರು ಹೋದ್ರು. ವರ್ಷದ ಕಾರ್ಯಕ್ಕ ಗದ್ದಿಗಿ ಕಟ್ಟಿ ಗಚ್ಚು ಹಾಕಿದ್ರು, ಗಚ್ಚು ಇನ್ನಾ ಹಸಿ ಇತ್ತು. ಎಲ್ಲಾರೂ ಊಟಕ್ಕ ಕುಂತಾಗ ನಾ ಹಿಂದ ಹೋಗಿ, ತಲಿಯೊಳಗಿನ ಪಿನ್ನ ತಗದು, ನೆತ್ತಿಮ್ಯಾಲ ಚೌಕಾಬಾರದ ಮನಿ ಬರದೆ. ಒಬ್ರs ಕುಂತು ಬ್ಯಾಸರಾ ಆಗಬಾರದಲ್ಲ ಅಂತ." ಕಣ್ಣೊರೆಸಿಕೊಂಡಳು. "ಗೊತ್ತಾದ್ರ ಕೊಲ್ತಾರ ಅಂತ ಹೆದರಿ ಮತ್ತ ಈ ಕಡಿ ಬರಲೇ ಇಲ್ಲ. ಗುರುವಾರ ಅದನ್ನs ಕೈಲೆ ಹುಡುಕಿದೆ."

ಹಣಮವ್ವ ಸೆರಗು ಸಿಗಿಸಿದಳು. ಆಮೇಲೆ ಮಗನಿಗೆ ಹೇಳಿದಳು. "ಬಂಡೆಪ್ಪಾ, ಮನಿಯಿಂದ ತಂದ ಕಾಯಿ ಹಂಗs ಗಾಡ್ಯಾಗ ತಿರುಗಿ ಹೋಗೂದಿಲ್ಲ. ಹೊತ್ತು ಮುಳುಗೂದರಾಗ ಅವರು ಸಿಕ್ಕರ ಒಡಿಯೂದು. ಸಿಗಲಿಲ್ಲಂದ್ರ ಈ ಡೋಲಿನವಗ ಒಡದು ನಾವು ನಡಿಯೂದು. ಹಿಡಿ ಕೊಡ್ಲಿ."

ಅದೊಂದು ಮಧ್ಯಾಹ್ನ! ಬಂಡೆಪ್ಪ ಕಡಿದ, ಶಾಂತಲಿಂಗಪ್ಪ ಕವೆಗೋಲಿನಿಂದ ಎಳೆದ, ಎಳೆಯುವ ನೆಪದಲ್ಲಿ ಎರಡು ಸಲ ನೀಲಾಬಾಯಿಗೆ ಡಿಕ್ಕಿ ಹೊಡೆದ. ಶಂಕರೆಪ್ಪನ ಧೋತರಕ್ಕೆ ಕಳ್ಳಿ ಹತ್ತಿ, ಬಿಡಿಸಲು ಹೋದರೆ ಅಂಗಿಗೆ ಹತ್ತಿ, ಕೊನೆಗೆ ಟೊಪ್ಪಿಗೆಗೂ ಹತ್ತಿತು. ಇಬ್ಬರು ಮುದುಕಿಯರು ಕೈ ಕೈ ಹಿಡಿದುಕೊಂಡು ಗದ್ದುಗೆಯಿಂದ ಗದ್ದುಗೆಗೆ ಹೋದರು. ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದರು: ಚೌಕ ಕಂಡರೆ ಮಣ್ಣು ತಿಕ್ಕುವುದು, ಅಂಗೈಯಿಂದ ನೆತ್ತಿ ಸವರುವುದು. ದಾರಿಯಲ್ಲಿ ಸಿಕ್ಕ ಹಣ್ಣನ್ನೆಲ್ಲ ತಿಂದರು. ಬಂಡೆಪ್ಪನ ಮೀಸೆಯೂ ಕೆಂಪಾಯಿತು, ಆದರೆ ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಸುಮಿತ್ರಾಬಾಯಿ ಮಂಡಿಯೂರಿ ಒಂದೊಂದನ್ನು ಸವರುವಾಗಲೂ ಪಡುವಣದ ಕಡೆ ನೋಡುತ್ತಿದ್ದಳು. ಸೂರ್ಯ ಮಿಲ್ಲಿನ ಚಿಮಣಿಯ ಪಕ್ಕಕ್ಕೆ ಬಂದ. ಚಿಮಣಿಗಿಂತ ಕೆಳಗಿಳಿದ. ಭೋಂಗಾ ಕೂಗಿತು.

ಭೋಂಗಾ ನಿಂತಾಗ ನೀಲಾಬಾಯಿಯ ದನಿ ಕೇಳಿತು. ಅವಳು ಕಳ್ಳಿಯ ಒಂದು ಸುರಂಗದೊಳಗೆ ಅರ್ಧ ನುಸುಳಿದ್ದಳು, ಕಾಲು ಮಾತ್ರ ಕಾಣುತ್ತಿತ್ತು. "ಇಲ್ಲೊಂದು ಗಿಡದ ಬೊಡ್ಡಿ ಅದರಿ! ಬೇವಿಂದು!"

ಹನ್ನೆರಡನೆಯ ಬೇವು. ಯಾವ ಕಾಲದಲ್ಲೋ ಬಿದ್ದು, ಮೊಂಡು ಮಾತ್ರ ಉಳಿದಿತ್ತು. ಬಂಡೆಪ್ಪ ನಾಲ್ಕು ಏಟಿಗೆ ದಾರಿ ಮಾಡಿದ. ಮೊಂಡಿನ ಬುಡದಲ್ಲಿ ಒಂದು ಗದ್ದುಗೆ. ಮೊಳಕಾಲೆತ್ತರವೂ ಇಲ್ಲ, ಕೆತ್ತನೆ ಇಲ್ಲ, ನಂದಿಯಿಲ್ಲ. ಗಿಡ್ಡ ಮನುಷ್ಯನಿಗೆ ಗಿಡ್ಡ ಗದ್ದುಗೆ. ನೀಲಾಬಾಯಿ ಸೆರಗಿನಿಂದ ಪಾಚಿ ಒರೆಸಿದಳು. ಸೊಟ್ಟ ಸೊಟ್ಟ ಗೆರೆಗಳು ಎದ್ದವು. ಅಡ್ಡ ಐದು ಮನೆ, ಉದ್ದ ಐದು ಮನೆ. ನಾಲ್ಕು ಅಂಚಿಗೂ ನಡುವಿಗೂ ಕತ್ತರಿ ಗುರುತು. ಒಂದು ಮೂಲೆಯಲ್ಲಿ ಗೆರೆ ಅವಸರದಿಂದ ಜಾರಿಹೋಗಿತ್ತು.

"ಅಲ್ಲಿ ಯಾರೋ ಕರದ್ರು," ಎಂದಳು ಕಲ್ಯಾಣಮ್ಮ, ಆ ಮೂಲೆಯನ್ನು ಮುಟ್ಟಿ. "ಓಡಿದೆ." ಶಂಕರೆಪ್ಪ ಟೊಪ್ಪಿಗೆ ತೆಗೆದು, ಕಾಣದ ಅಜ್ಜನ ಎದುರು ಮಂಡಿಯೂರಿದ. ಸುಮಿತ್ರಾಬಾಯಿಗೆ ಅಳು ಬಂತು, ತಡೆಯಲಿಲ್ಲ.

ಬಂಡೆಪ್ಪ ಕೊಡಲಿ ಕೆಳಗಿಟ್ಟು ಗದ್ದುಗೆಯನ್ನು ನೋಡುತ್ತ ನಿಂತ. "ಸೊಸಿ ಅಳ್ತಾಳಂತ ಮಾವ ಕುಂತು ಚೌಕಾಬಾರಾ ಆಡಿದ ಮನಿ," ಎಂದ, ಯಾರಿಗೂ ಅಲ್ಲದ ಹಾಗೆ. ಆಮೇಲೆ ತಾಯಿಯ ಕೈಯಿಂದ ಕಾಯಿ ತೆಗೆದುಕೊಂಡ. "ಎಲ್ಲಿ ಒಡೀಲಿ ಹೇಳ್ರಿ. ಮನಿ ಕೆಡಬಾರದು." ಮೊಂಡಿನ ಬದಿಯ ಕಲ್ಲಿಗೆ ಒಂದೇ ಏಟಿಗೆ ಒಡೆದ.

ಸಕ್ಕರೆ ಹಂಚಿದರು. ಕಾಯಿಯ ಒಂದು ಹೋಳನ್ನು ನೀಲಾಬಾಯಿ ಥಾಮಸನ ತಲೆಯ ಹತ್ತಿರ ಇಟ್ಟು ಬಂದಳು. ಒಂದು ದಿನ ಅಜ್ಜನಾಗಿದ್ದಕ್ಕೆ, ಅಷ್ಟಾದರೂ ಬೇಡವೇ. ಹಣಮವ್ವ ಸೊಂಟದ ಚೀಲದಿಂದ ಹುಣಸೆ ಬೀಜ ತೆಗೆದು ಎರಡನ್ನು ಒಡೆದು ನಾಲ್ಕು ಮಾಡಿದಳು. ಅಕ್ಕಲಕೋಟ ಅವಳಿಗೂ ತವರು, ಅಲ್ಲಿಯ ಹೆಣ್ಣುಮಕ್ಕಳ ಚೀಲದಲ್ಲಿ ಹುಣಸೆ ಬೀಜ ಇಲ್ಲದಿರುವುದಿಲ್ಲ. ಗದ್ದುಗೆಯ ಒಂದು ಬದಿಗೆ ಕಲ್ಯಾಣಮ್ಮ ಕೂತಳು, ಇನ್ನೊಂದು ಬದಿಗೆ ನೀಲಾಬಾಯಿ.

"ಮಾವಾರ, ನಿಮಗ ಬರ್ತದೇನ್ರಿ?" ಎಂದು ನೀಲಾಬಾಯಿ ಶಂಕರೆಪ್ಪನನ್ನು ಕೇಳಿದಳು. ಮಾವ ಎಂದು ಕರೆದದ್ದು ಅದೇ ಮೊದಲು. ಅವನು ತಬ್ಬಿಬ್ಬಾಗಿ ಇಲ್ಲವೆಂದು ತಲೆಯಾಡಿಸಿದ. "ಹಂಗಾರ ಕುಂತು ನೋಡ್ರಿ. ಲಗ್ನಾ ಆದ ಮ್ಯಾಲ ನಿಮ್ಮ ಪಾಳಿ." ಶಂಕರೆಪ್ಪ ಮುಳ್ಳು ತುಂಬಿದ ಧೋತರದಲ್ಲೇ ಕೂತ, ಕೂತವನು ಹಾಯ್ ಎಂದು ಎದ್ದ, ಮತ್ತೆ ಹುಷಾರಾಗಿ ಕೂತ. ಸುಮಿತ್ರಾಬಾಯಿ ಮನೆಯಿಂದ ತಂದ ಚಹಾವನ್ನು ಬಾಗಿ ಎಲ್ಲರಿಗೂ ಕೊಡುತ್ತಿದ್ದಳು.

ಕಲ್ಯಾಣಮ್ಮ ಬೀಜಗಳನ್ನು ಅಂಗೈಯಲ್ಲಿ ಕುಲುಕಿ ಎಸೆದಳು. ಮೂರು ಬೆಳ್ಳಗೆ ಬಿದ್ದವು, ಒಂದು ಕಪ್ಪಗೆ. ಮುದುಕಿಯ ಕಣ್ಣು ಮಂದ. ಅವಳು ಬಗ್ಗಿ ನೋಡುವಷ್ಟರಲ್ಲಿ ನೀಲಾಬಾಯಿಯ ಕಿರಿಬೆರಳು ಹೋಗಿ ಆ ಕಪ್ಪು ಬೀಜವನ್ನು ಮೆಲ್ಲಗೆ ತಿರುವಿಟ್ಟು ಬಂತು. ನಾಲ್ಕೂ ಬೆಳ್ಳಗಾದವು.

"ಚೌಕಾ!" ಎಂದು ಕಲ್ಯಾಣಮ್ಮ ಕೂಗಿ ಚಪ್ಪಾಳೆ ತಟ್ಟಿ ನಕ್ಕಳು. ಅವ್ವ ಹೀಗೆ ನಗುತ್ತಾಳೆಂದು ಶಂಕರೆಪ್ಪನಿಗೆ ಐವತ್ತು ವರ್ಷದಲ್ಲಿ ಗೊತ್ತೇ ಇರಲಿಲ್ಲ.

ಸುಮಿತ್ರಾಬಾಯಿ ಬೆರಳನ್ನು ನೋಡಿದ್ದಳು. ನೀಲಾಬಾಯಿಯೂ ಅವಳು ನೋಡಿದ್ದನ್ನು ನೋಡಿದಳು. ಸುಮಿತ್ರಾಬಾಯಿ ಬಾಯಿ ತೆರೆದಳು, ಮುಚ್ಚಿದಳು, ಹುಡುಗಿಯ ಬಶಿಗೆ ಇನ್ನಷ್ಟು ಚಹಾ ಸುರಿದಳು, ಯಾರಿಗೂ ಏನೂ ಹೇಳಲಿಲ್ಲ.